ಜಿಂಕೆ ಸೀಸನ್ನಿಗೆ ಮಗುವಿನ ಮೊದಲ ಕೋವಿ: 12, 20, .410ರಲ್ಲಿ ಯಾವುದು?

ಅಮೆರಿಕದ ಒಹಾಯೊ, ಇಲಿನಾಯ್, ಅಯೋವಾ ಕಡೆ ಜಿಂಕೆ ಬೇಟೆಗೆ ರೈಫಲ್ಲಿಗಿಂತ ತೋಟಾ ಕೋವಿಯೇ ಹಳೆಯ ರೂಢಿ. ಅದು ಸಪಾಟು ನೆಲ. ಜೋಳದ ಹೊಲ, ಮನೆ, ರಸ್ತೆ ಒಂದಕ್ಕೊಂದು ಅಂಟಿಕೊಂಡಿವೆ. ಗುರಿ ತಪ್ಪಿದ ರೈಫಲ್ ಗುಂಡು ಎಲ್ಲಿ ಹೋಗಿ ಬೀಳುತ್ತದೋ ಹೇಳಲಾಗದು. ಕೋವಿಯ ಒಂಟಿಗುಂಡು, ಅಂದರೆ ಸ್ಲಗ್, ಬೇಗ ವೇಗ ಕಳೆದುಕೊಂಡು ನೆಲ ಹಿಡಿಯುತ್ತದೆ. ಅಲ್ಲಿನ ಬೇಟೆಯ ಕಾನೂನು ಈ ಲೆಕ್ಕದ ಮೇಲೆ ಬೆಳೆದದ್ದು. ಕರ್ನಾಟಕದ ಮಾತೇ ಬೇರೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಇಲ್ಲಿ ಜಿಂಕೆಗೆ ಈಡು ಹೊಡೆಯುವುದು ಅಪರಾಧ. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಅಲ್ಲಿ ನೆಲೆಸಿ, ಶಾಲೆಯ ಗೆಳೆಯರು ಬೇಟೆಗೆ ಹೋಗುವುದನ್ನು ನೋಡಿ ತಾನೂ ಹೋಗುತ್ತೇನೆ ಎಂದು ಹಟ ಹಿಡಿದ ಮಕ್ಕಳ ಮನೆಯವರಿಗೆ. ಉದಾಹರಣೆಗೆ ಒಹಾಯೊವನ್ನು ಇಟ್ಟುಕೊಂಡಿದ್ದೇವೆ.

ಕೊಡಗು, ಮಲೆನಾಡಿನ ಕಡೆಯವರಿಗೆ ಕೋವಿ ಎಂದರೆ 12 ಬೋರು. ಅಮೆರಿಕದವರು ಬೋರ್ ಬದಲು ಗೇಜ್ ಎನ್ನುತ್ತಾರೆ, ಅಷ್ಟೇ. ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ 12 ಉಂಡೆ ಮಾಡಿದರೆ ಒಂದು ಉಂಡೆ ಹಿಡಿಸುವ ನಳಿಗೆ 12 ಬೋರು, 20 ಉಂಡೆ ಮಾಡಿದರೆ 20 ಬೋರು. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದು. .410 ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ನೇರವಾಗಿ ಇಂಚಿನಲ್ಲಿ ನಳಿಗೆಯ ಒಳವ್ಯಾಸ, ಸುಮಾರು 10.4 ಮಿಲಿಮೀಟರ್. 20 ಬೋರಿನದು 15.6, 12 ಬೋರಿನದು 18.5 ಮಿಲಿಮೀಟರ್.

ಮಗುವಿಗೆ ಕೋವಿ ಆರಿಸುವಾಗ ಎರಡು ತಪ್ಪು ಪದೇ ಪದೇ ಆಗುತ್ತವೆ. ಮನೆಯಲ್ಲಿ ಅಪ್ಪನ 12 ಬೋರು ಇದೆ, ಅದೇ ಸಾಕು ಎನ್ನುವುದು ಒಂದು. ಮಗು ಚಿಕ್ಕದು, ಕೋವಿಯೂ ಚಿಕ್ಕದಿರಲಿ ಎಂದು .410 ತರುವುದು ಇನ್ನೊಂದು. ಮೊದಲನೆಯದು ಮಗುವಿನ ಭುಜ ಕೆಡಿಸುತ್ತದೆ, ಎರಡನೆಯದು ಜಿಂಕೆಯನ್ನು ಗಾಯ ಮಾಡಿ ಓಡಿಸುತ್ತದೆ.

ಒದೆತದ ಲೆಕ್ಕ

ಪೆಟ್ಟಿಗೆಯ ಮೇಲೆ ಬರೆದ ತೂಕ, ವೇಗ ಹಿಡಿದು ಲೆಕ್ಕ ಹಾಕೋಣ. 12 ಬೋರಿನ ಒಂದು ಔನ್ಸ್ (28 ಗ್ರಾಂ) ಸ್ಲಗ್ ಸೆಕೆಂಡಿಗೆ 1600 ಅಡಿ ವೇಗದಲ್ಲಿ ಹೊರಟರೆ ನಳಿಗೆಯ ಬಾಯಲ್ಲಿ ಅದರ ಶಕ್ತಿ ಸುಮಾರು 2500 ಫುಟ್-ಪೌಂಡ್. 20 ಬೋರಿನ ಮುಕ್ಕಾಲು ಔನ್ಸ್ (21 ಗ್ರಾಂ) ಸ್ಲಗ್ ಅದೇ ವೇಗಕ್ಕೆ ಸುಮಾರು 1850. .410ರ ಔನ್ಸಿನ ಐದರಲ್ಲೊಂದು ಪಾಲು (5.7 ಗ್ರಾಂ) ಸ್ಲಗ್ 1830 ಅಡಿ ವೇಗಕ್ಕೂ 650ರ ಆಸುಪಾಸು. ಬಿಳಿಬಾಲದ ಗಂಡು ಜಿಂಕೆ ಒಹಾಯೊದಲ್ಲಿ 80–90 ಕಿಲೋ ತೂಗುವುದು ಅಪರೂಪವಲ್ಲ. ಅಂಥ ಪ್ರಾಣಿಯ ಪಕ್ಕೆಲುಬು ದಾಟಿ ಎರಡೂ ಶ್ವಾಸಕೋಶ ಹರಿದು ಆಚೆ ಬರಲು 20 ಬೋರಿನ ಗುಂಡಿಗೆ ಏನೂ ಕಷ್ಟವಿಲ್ಲ. .410ರ ಗುಂಡು ಭುಜದ ಮೂಳೆಗೆ ಬಡಿದರೆ ಅಲ್ಲೇ ನಿಲ್ಲಬಹುದು. ಅನುಭವಿ ಕೈಯಲ್ಲಿ, 30 ಗಜದೊಳಗೆ, ಜಿಂಕೆ ಸರಿಯಾಗಿ ಅಡ್ಡ ನಿಂತಾಗ .410 ಕೆಲಸ ಮಾಡೀತು. ಆದರೆ ಅನುಭವವೇ ಇಲ್ಲದ ಕೈಗೆ ಅದನ್ನು ಕೊಡುವುದು ತಲೆಕೆಳಗಾದ ಲೆಕ್ಕ. .410 ಪರಿಣತರ ಕೋವಿ, ಮಕ್ಕಳದ್ದಲ್ಲ.

ಇನ್ನು ಭುಜದ ಕಡೆ ಬನ್ನಿ. ಏಳು ಪೌಂಡ್ (3.2 ಕಿಲೋ) ತೂಗುವ 12 ಬೋರಿನಲ್ಲಿ ಆ ಒಂದು ಔನ್ಸ್ ಸ್ಲಗ್ ಹೊಡೆದರೆ ಒದೆತ, ಅಂದರೆ ಕೋವಿ ಭುಜಕ್ಕೆ ಹಿಂದಕ್ಕೆ ಬಡಿಯುವ ಶಕ್ತಿ, ಸುಮಾರು 33 ಫುಟ್-ಪೌಂಡ್. ಆರು ಪೌಂಡಿನ 20 ಬೋರಿನಲ್ಲಿ ಮುಕ್ಕಾಲು ಔನ್ಸ್ ಸ್ಲಗ್‌ಗೆ 22. ಮೂರನೇ ಒಂದು ಪಾಲು ಕಡಿಮೆ. ಅದೇ 20 ಬೋರನ್ನು ಏಳೂವರೆ ಪೌಂಡಿಗೆ ಏರಿಸಿದರೆ ಒದೆತ 17ಕ್ಕೆ ಇಳಿಯುತ್ತದೆ. ತದ್ವಿರುದ್ಧವಾಗಿ, ಐದೂವರೆ ಪೌಂಡಿನ ಒಂಟಿ ನಳಿಗೆ 12 ಬೋರಿನಲ್ಲಿ ಅದೇ ಸ್ಲಗ್ ಹೊಡೆದರೆ ಒದೆತ 40 ದಾಟುತ್ತದೆ; ದೊಡ್ಡವರೇ ಎರಡನೇ ತೋಟಾಕ್ಕೆ ಕೈ ಹಾಕಲು ಯೋಚಿಸಬೇಕು. ಅಂಗಡಿಯಲ್ಲಿ ಎತ್ತಿ ನೋಡಿ "ಹಗುರ ಇದೆ, ಮಗು ಹೊರುತ್ತದೆ" ಎಂದು ತೃಪ್ತಿಪಡುವವರು ಇದನ್ನು ಮರೆಯಬಾರದು. ಹೊರುವಾಗ ಹಗುರಾದದ್ದು ಹೊಡೆಯುವಾಗ ಭಾರ.

ಮನೆಯಲ್ಲಿರುವ 12 ಬೋರನ್ನೇ ಬಳಸುವುದಾದರೆ ಒಂದು ದಾರಿ ಇದೆ. ಕಡಿಮೆ ಒದೆತದ ಸ್ಲಗ್ ತೋಟಾ ಸಿಗುತ್ತವೆ. ಒಂದೇ ಔನ್ಸ್, ಆದರೆ ವೇಗ 1200 ಅಡಿ. ಏಳು ಪೌಂಡಿನ ಕೋವಿಯಲ್ಲಿ ಒದೆತ 17ರ ಹತ್ತಿರ, ಅಂದರೆ ಹಗುರ 20 ಬೋರಿಗಿಂತಲೂ ಕಡಿಮೆ. ಗುಂಡಿನ ಶಕ್ತಿ 1400 ಫುಟ್-ಪೌಂಡಿಗೆ ಇಳಿದರೂ 50 ಗಜಕ್ಕೆ ಧಾರಾಳ ಸಾಕು. ತೊಡಕು ಇರುವುದು ಬೇರೆಡೆ: ಸ್ಟಾಕ್, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ, ಅದರ ಉದ್ದ ಅಪ್ಪನ ತೋಳಿನದ್ದು.

ಅಳತೆ: ಬೋರಿಗಿಂತ ಇದು ಮುಖ್ಯ

ಟ್ರಿಗರ್‌ನಿಂದ ಸ್ಟಾಕ್ ಹಿಂತುದಿಯ ರಬ್ಬರಿನ ತನಕದ ಉದ್ದವನ್ನು ಅಂಗಡಿಯವರು ಲೆಂತ್ ಆಫ್ ಪುಲ್ ಎನ್ನುತ್ತಾರೆ. ದೊಡ್ಡವರ ಕೋವಿಯಲ್ಲಿ ಅದು ಸಾಮಾನ್ಯವಾಗಿ 14 ಇಂಚು. 10–13 ವರ್ಷದ ಮಕ್ಕಳಿಗೆ 12ರಿಂದ 13 ಇಂಚು ಬೇಕು. ಒಂದು ಇಂಚು ಹೆಚ್ಚಾದರೆ ಏನಾಗುತ್ತದೆಂದು ಕನ್ನಡಿ ಮುಂದೆ ನಿಲ್ಲಿಸಿ ನೋಡಿ. ಮಗು ಮುಂಭಾರ ತಡೆಯಲು ಸೊಂಟದಿಂದ ಹಿಂದಕ್ಕೆ ವಾಲುತ್ತದೆ. ಸ್ಟಾಕ್ ಭುಜದ ಗುಳಿಯಲ್ಲಿ ಕೂರದೆ ರಟ್ಟೆಯ ಮೇಲೆ ಜಾರುತ್ತದೆ. ಕೆನ್ನೆ ಮರಕ್ಕೆ ತಾಗುವುದಿಲ್ಲ, ಕತ್ತು ಚಾಚಿ ಕಣ್ಣು ಮುಂದಕ್ಕೆ ಹೋಗುತ್ತದೆ. ಆ ಭಂಗಿಯಲ್ಲಿ ಒಂದು ಸ್ಲಗ್ ಹೊಡೆದರೆ ರಟ್ಟೆ ನೀಲಿಗಟ್ಟುತ್ತದೆ, ಸ್ಟಾಕ್ ಕೆನ್ನೆಗೆ ಬಡಿಯುತ್ತದೆ, ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ.

ಮೊಣಕೈ ಮಡಿಕೆಯಲ್ಲಿ ಸ್ಟಾಕ್ ಇಟ್ಟು ಬೆರಳು ಟ್ರಿಗರ್‌ಗೆ ಎಟುಕುತ್ತದೆಯೇ ನೋಡುವ ಹಳೆಯ ವಿಧಾನ ಅಂದಾಜಿಗೆ ಮಾತ್ರ. ಖಾತ್ರಿಗೆ ಹೀಗೆ ಮಾಡಿ. ಕೋವಿ ಖಾಲಿ ಇದೆಯೆಂದು ನಳಿಗೆಯ ಗೂಡಿಗೆ (ತೋಟಾ ಕೂರುವ ಜಾಗಕ್ಕೆ) ಬೆರಳು ಹಾಕಿ ನೋಡಿ. ಮಗುವಿಗೆ ನವೆಂಬರಿನ ದಪ್ಪ ಜಾಕೆಟ್ಟು, ಅದರ ಮೇಲೆ ಕಿತ್ತಳೆ ವೆಸ್ಟ್ ತೊಡಿಸಿ. ಆಗಸ್ಟಿನಲ್ಲಿ ಟೀ ಶರ್ಟಿನ ಮೇಲೆ ಸರಿಹೊಂದಿದ ಕೋವಿ ಜಾಕೆಟ್ಟಿನ ಮೇಲೆ ಮುಕ್ಕಾಲು ಇಂಚು ಉದ್ದವಾಗಿರುತ್ತದೆ. ಕೊಳ್ಳುವವರು ಅತಿ ಹೆಚ್ಚು ಮರೆಯುವುದು ಇದನ್ನೇ. ಈಗ ಕಣ್ಣು ಮುಚ್ಚಿಸಿ ಕೋವಿಯನ್ನು ಭುಜಕ್ಕೇರಿಸಲು ಹೇಳಿ, ಕೆನ್ನೆ ಇಟ್ಟ ಮೇಲೆ ಕಣ್ಣು ತೆರೆಸಿ. ಮುಂದಿನ ಗುರಿಮಣಿ ನೇರ ಕಂಡರೆ ಎತ್ತರ ಸರಿ. ಹಿಡಿಗೈಯ ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಬೆರಳಷ್ಟು ಜಾಗವಿದ್ದರೆ ಉದ್ದ ಸರಿ. ಹಾಗೇ 30 ಎಣಿಸುವವರೆಗೆ ಹಿಡಿದಿರಲಿ. ನಳಿಗೆ ತೂಗಾಡಿ ಕೆಳಗಿಳಿದರೆ ಮುಂಭಾರ ಹೆಚ್ಚು.

ಮಗು ಒಂದೇ ವರ್ಷದಲ್ಲಿ ಎರಡಿಂಚು ಬೆಳೆದುಬಿಡುತ್ತದಲ್ಲ ಎಂಬ ಚಿಂತೆಗೆ ಉತ್ತರ ಸ್ಪೇಸರ್. ಹಿಂತುದಿಯ ರಬ್ಬರ್ ಪ್ಯಾಡಿನಡಿ ತುಂಡು ಸೇರಿಸಿ ಸ್ಟಾಕ್ ಉದ್ದ ಮಾಡುವ ಏರ್ಪಾಡು ಮಾಸ್‌ಬರ್ಗ್ 500 ಸೂಪರ್ ಬ್ಯಾಂಟಮ್‌ನಂಥ ಮಕ್ಕಳ ಮಾದರಿಗಳಲ್ಲಿದೆ. ಎರಡು ಸ್ಕ್ರೂ, ಹತ್ತು ನಿಮಿಷದ ಕೆಲಸ. ಅಪ್ಪನ ಕೋವಿಯ ಮರದ ಸ್ಟಾಕ್ ಕತ್ತರಿಸುವ ಬದಲು ಅದಕ್ಕೊಪ್ಪುವ ಗಿಡ್ಡ ಪ್ಲಾಸ್ಟಿಕ್ ಸ್ಟಾಕ್ ಕೊಂಡು ಹಾಕುವುದು ಜಾಣತನ.

ಯಾವ ಕಣ್ಣು ಬಲವಾದದ್ದು ಎಂದೂ ಈಗಲೇ ನೋಡಿಬಿಡಿ. ಎರಡೂ ಕೈ ಚಾಚಿ, ಬೆರಳುಗಳ ನಡುವೆ ಚಿಕ್ಕ ತೂತು ಬಿಟ್ಟು ದೂರದ ಒಂದು ವಸ್ತುವನ್ನು ನೋಡಲಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ವಸ್ತು ಉಳಿಯುತ್ತದೋ ಅದೇ ಬಲವಾದ ಕಣ್ಣು. ಬಲಗೈ ಮಗುವಿಗೆ ಎಡಗಣ್ಣು ಬಲವಾಗಿದ್ದರೆ, ಕಲಿಕೆಯ ಮೊದಲ ದಿನದಿಂದಲೇ ಎಡಭುಜಕ್ಕೆ ಅಭ್ಯಾಸ ಮಾಡಿಸುವುದು ಸುಲಭ. ಆಗ ಮಾಸ್‌ಬರ್ಗ್ 500ರಂತೆ ಸೇಫ್ಟಿ ಮೇಲೆ, ಹೆಬ್ಬೆರಳಿನ ಹತ್ತಿರ ಇರುವ ಕೋವಿ ಅನುಕೂಲ. ರೆಮಿಂಗ್ಟನ್ 870ರಲ್ಲಿ ಸೇಫ್ಟಿ ಟ್ರಿಗರ್ ಹಿಂದೆ ಅಡ್ಡ ಗುಂಡಿ. ಅದು ಬಲಗೈಯವರಿಗಾಗಿ ಇಟ್ಟದ್ದು.

ಒಂಟಿ ನಳಿಗೆ, ಪಂಪ್, ಆಟೋ, ಬೋಲ್ಟ್

ನಡು ಮಡಿಚಿ ತೋಟಾ ಹಾಕುವ ಒಂಟಿ ನಳಿಗೆ ಅಗ್ಗ, ಸರಳ. ತೆರೆದಿದ್ದರೆ ಖಾಲಿಯೆಂದು ದೂರದಿಂದಲೇ ಕಾಣುತ್ತದೆ. ಕಲಿಸುವವರಿಗೆ ಅದು ದೊಡ್ಡ ಅನುಕೂಲ. ಆದರೆ ಹೊರಗೆ ಕುದುರೆ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಇರುವ ಮಾದರಿಯಲ್ಲಿ ಅಪಾಯ ಬಚ್ಚಿಟ್ಟಿದೆ. ಜಿಂಕೆ ಬಂತೆಂದು ಮಗು ಕುದುರೆ ಎಳೆಯುತ್ತದೆ, ಜಿಂಕೆ ಹೋಗುತ್ತದೆ, ಈಗ ತುಂಬಿದ ಕೋವಿಯ ಕುದುರೆಯನ್ನು ಚಳಿಗೆ ಮರಗಟ್ಟಿದ ಹೆಬ್ಬೆರಳಿನಿಂದ ಮೆಲ್ಲನೆ ಇಳಿಸಬೇಕು. ಬೆರಳು ಜಾರಿದರೆ ಈಡು ಹಾರಿತು. ತೋಟಾ ತೆಗೆದ ಮೇಲೆ ಮಾತ್ರ ಕುದುರೆ ಇಳಿಸಬೇಕೆಂದು ಕಲಿಸಿ. ಅದಕ್ಕೆ ಆಸ್ಪದವಿಲ್ಲದ ವಿನ್ಯಾಸವಾದರೆ ಆ ಕೋವಿಯನ್ನೇ ಬಿಡಿ. ಹಗುರಾದ್ದರಿಂದ ಒದೆತವೂ ಇದರಲ್ಲೇ ಹೆಚ್ಚು.

ಪಂಪ್ ಕೋವಿ ಬೆಲೆಗೆ ತಕ್ಕ ಮಾಲು, ಮಣ್ಣು ಮಂಜಿಗೆ ಜಗ್ಗದು. ಮಕ್ಕಳ ಕೈಯಲ್ಲಿ ಆಗುವ ಒಂದೇ ತಕರಾರೆಂದರೆ ಅರ್ಧ ಎಳೆತ: ಮುಂದಿನ ಹಿಡಿಯನ್ನು ಪೂರ್ತಿ ಹಿಂದಕ್ಕೆ ತರದೆ ತಳ್ಳಿದರೆ ಖಾಲಿ ತೋಟಾ ಹೊರಬೀಳುವುದಿಲ್ಲ, ಹೊಸದು ಬರುವುದಿಲ್ಲ, ಟ್ರಿಗರ್ ಎಳೆದರೆ ಬರೀ ಕ್ಲಿಕ್. ಗಿಡ್ಡ ತೋಳಿಗೆ ಹಿಡಿ ದೂರವಾದಾಗ ಇದು ಆಗುತ್ತದೆ. ಮಕ್ಕಳ ಮಾದರಿಯಲ್ಲಿ ಹಿಡಿಯನ್ನು ಹಿಂದಕ್ಕೆ ತಂದಿರುವುದೇ ಇದಕ್ಕಾಗಿ.

ಗ್ಯಾಸಿನಿಂದ ನಡೆಯುವ ಆಟೋ, ರೆಮಿಂಗ್ಟನ್ 1100ರ ಜಾತಿಯದು, ಭುಜಕ್ಕೆ ಎಲ್ಲಕ್ಕಿಂತ ಮೃದು. ಒದೆತ ಒಮ್ಮೆಲೇ ಬಡಿಯದೆ ಉದ್ದಕ್ಕೆ ಹರಡಿಕೊಂಡು ಬರುತ್ತದೆ. ದುಬಾರಿ, ಒಂದು ಈಡಾದ ಕೂಡಲೇ ಮುಂದಿನದು ತಾನೇ ಸಿದ್ಧವಾಗಿಬಿಡುತ್ತದೆ. ಮೊದಲ ಸೀಸನ್ನಿನಲ್ಲಿ ಮ್ಯಾಗಜಿನ್ ತುಂಬದೆ ಒಂದೇ ತೋಟಾ ಹಾಕಿ ಕೊಟ್ಟರೆ ಆ ಹೆದರಿಕೆ ಇಲ್ಲ. ಕಡಿಮೆ ಒದೆತದ ತೋಟಾ ಕೆಲವು ಆಟೋಗಳನ್ನು ಪೂರ್ತಿ ತಿರುಗಿಸುವುದಿಲ್ಲ, ಮೊದಲೇ ಹೊಡೆದು ನೋಡಿ.

ಬೋಲ್ಟ್ ಕೋವಿ, ಅಂದರೆ ಪ್ರತಿ ಈಡಿಗೂ ಪಕ್ಕದ ಹಿಡಿಯನ್ನು ಕೈಯಿಂದ ಎತ್ತಿ ಎಳೆದು ತೋಟಾ ಬದಲಿಸುವಂಥದ್ದು, ಉದಾಹರಣೆಗೆ 20 ಬೋರಿನ ಸ್ಯಾವೇಜ್ 220, ಜಿಂಕೆಗೆಂದೇ ಮಾಡಿದ್ದು. ನಳಿಗೆಯೊಳಗೆ ಸುರುಳಿ ಗೆರೆ, ಹಗುರ ಟ್ರಿಗರ್, ತೂಕ ಏಳು ಪೌಂಡಿನ ಮೇಲೆ. ನಿಖರತೆಯಲ್ಲಿ ಉಳಿದವು ಇದರ ಹತ್ತಿರ ಬರುವುದಿಲ್ಲ. ಆದರೆ ಇದರಿಂದ ಹಕ್ಕಿ ಹೊಡೆಯಲಾಗದು, ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗೆ ಗುರಿ ಅಭ್ಯಾಸ ಮಾಡಲಾಗದು.

ನಮ್ಮ ಆಯ್ಕೆ ಕೇಳಿದರೆ: ಜಿಂಕೆಯೊಂದೇ ಗುರಿಯಾದರೆ ಬೋಲ್ಟ್ 20 ಬೋರು. ವರ್ಷವಿಡೀ ಬಿಲ್ಲೆ, ಅಳಿಲು, ಟರ್ಕಿ ಎಂದು ಬಳಸುವುದಾದರೆ ಗಿಡ್ಡ ಸ್ಟಾಕಿನ 20 ಬೋರ್ ಪಂಪ್. ಸಾಧ್ಯವಾದರೆ ಚರೆಗೊಂದು (ತೋಟಾದೊಳಗಿನ ಸಣ್ಣ ಗುಂಡುಗಳಿಗೆ), ಸ್ಲಗ್‌ಗೊಂದು ಎಂದು ಎರಡು ನಳಿಗೆ.

ನಳಿಗೆ ಯಾವುದೋ ತೋಟಾ ಅದಕ್ಕೆ ತಕ್ಕದ್ದು

ಒಳಗೆ ನುಣುಪಾದ ನಳಿಗೆಗೆ ಮೈಮೇಲೆ ಗೆರೆಗಳಿರುವ ಸೀಸದ ಸ್ಲಗ್, ಪೆಟ್ಟಿಗೆಯ ಮೇಲೆ ರೈಫಲ್ಡ್ ಸ್ಲಗ್ ಎಂದಿರುವುದು. ಸುರುಳಿ ಗೆರೆ ನಳಿಗೆಗೆ ಸ್ಯಾಬೊ, ಅಂದರೆ ಪ್ಲಾಸ್ಟಿಕ್ ಕವಚದೊಳಗೆ ಕೂರಿಸಿದ ಸಣ್ಣ ಗುಂಡು. ಹೆಸರು ಕೇಳಿ ಗೊಂದಲವಾಗುವುದು ಸಹಜ: ರೈಫಲ್ಡ್ ಸ್ಲಗ್ ರೈಫಲ್ಡ್ ನಳಿಗೆಗೆ ಅಲ್ಲ! ನುಣುಪು ನಳಿಗೆಯಲ್ಲಿ ಸ್ಯಾಬೊ ಹಾಕಿದರೆ ಅದಕ್ಕೆ ತಿರುಗುವಿಕೆ ಸಿಗದೆ ಗಾಳಿಯಲ್ಲಿ ಪಲ್ಟಿ ಹೊಡೆದು ಎಲ್ಲೆಲ್ಲೋ ಹೋಗುತ್ತದೆ, ಎರಡು ಪಟ್ಟು ದುಡ್ಡೂ ದಂಡ. ಚೋಕ್ (ನಳಿಗೆಯ ಬಾಯನ್ನು ಕಿರಿದಾಗಿಸುವ ತುಂಡು) ಬದಲಾಯಿಸುವ ಕೋವಿಯಾದರೆ ಕಡಿಮೆ ಕಿರಿದಾಗಿಸುವ ಸಿಲಿಂಡರ್ ಅಥವಾ ಇಂಪ್ರೂವ್ಡ್ ಸಿಲಿಂಡರ್ ಹಾಕಿ. ಅತಿ ಕಿರಿದಾದ ಫುಲ್ ಚೋಕಿನಲ್ಲಿ ಸ್ಲಗ್ ಹೊಡೆಯಬೇಡಿ. ಊರಲ್ಲಿ ಎಲ್‌ಜಿ ಎನ್ನುವಂಥ ದಪ್ಪ ಚರೆಯನ್ನು ಒಹಾಯೊದಲ್ಲಿ ಜಿಂಕೆಗೆ ಬಳಸುವಂತಿಲ್ಲ, ನಳಿಗೆಗೆ ಒಂದೇ ಗುಂಡು.

ನುಣುಪು ನಳಿಗೆ, ಬರೀ ಗುರಿಮಣಿ ಇದ್ದರೆ ಮಗುವಿನ ಗಡಿ 50 ಗಜ (46 ಮೀಟರ್). ಹಿಂದೆ ಮುಂದೆ ಎರಡೂ ಗುರಿಯಿದ್ದರೆ, ಅಥವಾ ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಗುರಿ ಸಾಧನ) ಕೂರಿಸಿದರೆ 75. ಸುರುಳಿ ನಳಿಗೆ, ಸ್ಯಾಬೊ, ಸ್ಕೋಪ್ ಸೇರಿದರೆ ಕೋವಿ 100 ಗಜ ದಾಟಿಯೂ ಹೊಡೆಯುತ್ತದೆ, ಮಗು ಹೊಡೆಯಬೇಕಾಗಿಲ್ಲ. ಸ್ಕೋಪ್ ಕೊಳ್ಳುವಾಗ ಕಣ್ಣಿಗೂ ಗಾಜಿಗೂ ನಾಲ್ಕು ಇಂಚು ಅಂತರ ಕೊಡುವಂಥದ್ದೇ ಇರಲಿ. ಕತ್ತು ಚಾಚುವ ಅಭ್ಯಾಸದ ಮಕ್ಕಳ ಹುಬ್ಬು ಸೀಳುವುದು ಸ್ಕೋಪಿನ ಅಂಚೇ. ರೆಡ್ ಡಾಟ್‌ನಲ್ಲಿ ಈ ತೊಂದರೆ ಇಲ್ಲ.

ಕೋವಿಯೇ ಬೇಕೆಂಬ ಕಟ್ಟು ಈಗ ಸಡಿಲವಾಗಿದೆ ಎನ್ನುವುದನ್ನೂ ಹೇಳಬೇಕು. ಒಹಾಯೊದಲ್ಲಿ 2014ರಿಂದ ನೇರ ಗೋಡೆಯ, ಅಂದರೆ ಗುಂಡಿನ ಬಳಿ ಕತ್ತಿನಂತೆ ಕಿರಿದಾಗದ ತೋಟಾ ಬಳಸುವ ರೈಫಲ್ಲಿಗೂ ಜಿಂಕೆ ಸೀಸನ್ನಿನಲ್ಲಿ ಅವಕಾಶವಿದೆ. ಇಂಥ ರಾಜ್ಯಗಳನ್ನು ಕಣ್ಣಲ್ಲಿಟ್ಟುಕೊಂಡೇ ವಿಂಚೆಸ್ಟರ್ ಕಂಪನಿ 2019ರಲ್ಲಿ .350 ಲೆಜೆಂಡ್ ಎಂಬ ರೈಫಲ್ ತೋಟಾ ತಂದಿತು. 150 ಗ್ರೇನ್ (9.7 ಗ್ರಾಂ) ಗುಂಡು, 2325 ಅಡಿ ವೇಗ, ಶಕ್ತಿ 1800 ಫುಟ್-ಪೌಂಡ್, ಅಂದರೆ 20 ಬೋರಿನಷ್ಟೇ. ಏಳು ಪೌಂಡಿನ ರೈಫಲ್ಲಿನಲ್ಲಿ ಒದೆತ ಮಾತ್ರ 9ರ ಸುಮಾರು! ಭುಜದ ದೃಷ್ಟಿಯಿಂದಷ್ಟೇ ನೋಡಿದರೆ ಯಾವ ಸ್ಲಗ್ ಕೋವಿಯೂ ಇದಕ್ಕೆ ಸಾಟಿಯಲ್ಲ. ಒಂದೇ ಬಂದೂಕಿನಲ್ಲಿ ಹಕ್ಕಿಯೂ ಜಿಂಕೆಯೂ ಆಗಬೇಕೆಂದರೆ ಕೋವಿಗೆ ವಾಪಸು ಬನ್ನಿ.

ಅಭ್ಯಾಸ

ಜುಲೈ, ಆಗಸ್ಟಿನಲ್ಲಿ .22 ರೈಫಲ್ಲಿನಿಂದ ಶುರುಮಾಡಿ. ಗುರಿ ಜೋಡಿಸುವುದು, ಉಸಿರು ಅರ್ಧಕ್ಕೆ ಹಿಡಿಯುವುದು, ಟ್ರಿಗರ್ ಜಗ್ಗದೆ ಒತ್ತುವುದು ಇವೆಲ್ಲ ಅಲ್ಲೇ ಕೈಗೆ ಬರಲಿ. ಆಮೇಲೆ 20 ಬೋರಿನಲ್ಲಿ ಹಗುರ ಚರೆ ತೋಟಾ. ಸ್ಲಗ್ ಕೊನೆಗೆ, ದಿನಕ್ಕೆ ಮೂರರಿಂದ ಐದು, ಆರನೆಯದು ಬೇಡ. ಮೇಜಿನ ಮೇಲೆ ಮರಳುಚೀಲ ಇಟ್ಟು ಗುರಿ ಹೊಂದಿಸುವ ಕೆಲಸ ದೊಡ್ಡವರದ್ದು, ಏಕೆಂದರೆ ಮೇಜಿಗೆ ಬಾಗಿ ಕೂತಾಗ ಮೈ ಹಿಂದಕ್ಕೆ ಬಳುಕುವುದಿಲ್ಲ, ಒದೆತವೆಲ್ಲ ಭುಜಕ್ಕೇ. ಮಗು ಸ್ಟೂಲಿನ ಮೇಲೆ ಕೂತು, ಊರುಗೋಲಿನ ಮೇಲೆ ನಳಿಗೆ ಇಟ್ಟು ಹೊಡೆಯಲಿ. ಸೀಸನ್ನಿನಲ್ಲಿ ಮರಸು ಕೂರುವುದೂ ಹಾಗೆಯೇ. ಕಿವಿಯೊಳಗೆ ಬಿರಡೆ, ಮೇಲೆ ಇಯರ್ ಮಫ್, ಎರಡೂ ಬೇಕು. ಮಕ್ಕಳು ಅರ್ಧ ಬೆಚ್ಚುವುದು ಸದ್ದಿಗೆ.

ಬೆಚ್ಚುವಿಕೆ ಶುರುವಾಗಿದೆಯೇ ತಿಳಿಯಲು ಕೋವಿಯನ್ನು ನೀವೇ ತುಂಬಿ ಕೊಡಿ. ಒಮ್ಮೆ ನಿಜ ತೋಟಾ, ಒಮ್ಮೆ ಡಮ್ಮಿ. ಡಮ್ಮಿ ಬಂದಾಗ ನಳಿಗೆಯ ತುದಿ ಕೆಳಗೆ ಕುಕ್ಕಿದರೆ ಸ್ಲಗ್ ನಿಲ್ಲಿಸಿ ಎರಡು ವಾರ .22ಗೆ ಮರಳಿ.

ಆರಿಂಚಿನ ಪೇಪರ್ ಪ್ಲೇಟ್ 50 ಗಜದಲ್ಲಿ ನೆಡಿ. ತಣ್ಣಗಿನ ಕೋವಿಯಿಂದ ಮೊದಲ ಈಡು, ಬೇರೆ ಬೇರೆ ಐದು ದಿನ. ಐದೂ ಪ್ಲೇಟಿನೊಳಗೆ ಬಿದ್ದರೆ ಮಗು 50 ಗಜಕ್ಕೆ ತಯಾರು. ನಾಲ್ಕು ಬಿದ್ದರೆ 40 ಗಜಕ್ಕೆ ತನ್ನಿ. ಬೇಟೆಯ ದಿನ ಆ ದೂರದಲ್ಲಿರುವ ಒಂದು ಮರಕ್ಕೆ ಬಣ್ಣದ ಪಟ್ಟಿ ಕಟ್ಟಿ. ಪಟ್ಟಿಯಾಚೆಯ ಜಿಂಕೆ ನಮ್ಮದಲ್ಲ.

ಮನೆಯಲ್ಲಿ ಅಪ್ಪನ 12, ಮಗುವಿನ 20 ಎರಡೂ ಇದ್ದರೆ ತೋಟಾ ಒಂದೇ ಚೀಲಕ್ಕೆ ಹಾಕಲೇಬೇಡಿ. 20 ಬೋರಿನ ತೋಟಾ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಗೂಡು ಖಾಲಿ ಕಾಣುತ್ತದೆ. ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿದು ಮುಂಗೈ ಹೋಗುತ್ತದೆ. 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಟ್ಟಿರುವುದು ಇದೇ ಕಾರಣಕ್ಕೆ. ನಳಿಗೆಯ ಮೇಲೆ 2¾ ಇಂಚು ಎಂದು ಕೊರೆದಿದ್ದರೆ 3 ಇಂಚಿನ ತೋಟಾ ಅದಕ್ಕೆ ನಿಷಿದ್ಧ. ಒಳಗೆ ಕೂರುತ್ತದೆ, ಹೊಡೆದಾಗ ತೆರೆದುಕೊಳ್ಳಲು ಜಾಗವಿರುವುದಿಲ್ಲ.

ಕಾಗದಪತ್ರ

ಪರವಾನಗಿ ಪಡೆದ ಅಂಗಡಿಯವರು 18 ತುಂಬದವರಿಗೆ ಕೋವಿ ಮಾರುವಂತಿಲ್ಲ, ಕೊಳ್ಳುವವರು ದೊಡ್ಡವರೇ. ನಮ್ಮವರು ಎಡವುವುದು ಇಲ್ಲಿ. ಹಸಿರು ಕಾರ್ಡಿದ್ದರೆ ತೊಂದರೆಯಿಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಉಂಟು. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ, ಬೀರುವಿನಲ್ಲಿರುವ ಕೋವಿ ಅಪರಾಧವಾಗುತ್ತದೆ. ಮಗು ಅಲ್ಲೇ ಹುಟ್ಟಿ ಪೌರತ್ವ ಪಡೆದಿದ್ದರೂ ಮನೆಯ ಯಜಮಾನರ ವೀಸಾ ಲೆಕ್ಕಕ್ಕೆ ಬರುತ್ತದೆ. ಕೊಳ್ಳುವ ಮೊದಲು ವಲಸೆ ವಕೀಲರನ್ನು ಒಂದು ಮಾತು ಕೇಳಿ.

ಒಹಾಯೊದಲ್ಲಿ ಮೊದಲ ಲೈಸೆನ್ಸಿಗೆ ಬೇಟೆ ಶಿಕ್ಷಣದ ಕೋರ್ಸ್ ಆಗಬೇಕು. ಅಪ್ರೆಂಟಿಸ್ ಲೈಸೆನ್ಸ್ ತೆಗೆದುಕೊಂಡರೆ ಕೋರ್ಸಿಲ್ಲದೆ ದೊಡ್ಡವರ ಜೊತೆ ಹೋಗಬಹುದು. ಕೋರ್ಸ್ ಮಾಡಿಸುವುದೇ ಮೇಲು. ನವೆಂಬರಿನಲ್ಲಿ ಎರಡು ದಿನದ ಮಕ್ಕಳ ಸೀಸನ್ ಇದೆ, 17 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ. ಜೊತೆಗೆ ಹೋಗುವ ದೊಡ್ಡವರು ಬೇಟೆಯಾಡುವಂತಿಲ್ಲ. ಕಿತ್ತಳೆ ಬಣ್ಣದ ವೆಸ್ಟ್ ಕಡ್ಡಾಯ, ಕೋವಿಯಲ್ಲಿ ಒಟ್ಟು ಮೂರು ತೋಟಾಕ್ಕಿಂತ ಹೆಚ್ಚು ಇರಬಾರದು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಅವಕಾಶ. ದಿನಾಂಕ, ನಿಯಮ ಪ್ರತಿವರ್ಷ ಬದಲಾಗುವುದರಿಂದ ಆ ವರ್ಷದ ಸರ್ಕಾರಿ ಕೈಪಿಡಿ ನೋಡಿಯೇ ಹೊರಡಿ.

ಜಿಂಕೆ ಅಡ್ಡ ನಿಂತಾಗ ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಪಾಲು ಮೇಲೆ ಗುರಿ. ಎದುರು ಮುಖ ಮಾಡಿದ್ದರೆ, ಓಡುತ್ತಿದ್ದರೆ, ಹಿಂದೆ ದಿಣ್ಣೆಯಿಲ್ಲದೆ ಬರೀ ಆಕಾಶ ಕಂಡರೆ ಸೇಫ್ಟಿ ತೆಗೆಯುವುದೇ ಬೇಡ. ಈಡು ತಗಲಿದ ಜಿಂಕೆ ಸಾಮಾನ್ಯವಾಗಿ ಅಲ್ಲೇ ಬೀಳುವುದಿಲ್ಲ, ನೂರು ಗಜದಷ್ಟು ಓಡುತ್ತದೆ. ಮಗುವೂ ಹಿಂದೆಯೇ ಓಡಲು ಹೊರಡುತ್ತದೆ. ಕೋವಿಯ ಸೇಫ್ಟಿ ಹಾಕಿಸಿ, ಜಿಂಕೆ ನಿಂತಿದ್ದ ಜಾಗವನ್ನೂ ಕೊನೆಗೆ ಕಂಡ ಪೊದೆಯನ್ನೂ ಬೆರಳಿಟ್ಟು ತೋರಿಸಲು ಹೇಳಿ, ಗಡಿಯಾರ ನೋಡಿ ಅರ್ಧ ಗಂಟೆ ಕೂತಲ್ಲೇ ಕೂರಿ. ಬೆನ್ನಟ್ಟಿದರೆ ಅದು ಮೈಲಿ ದೂರ ಹೋಗಿ ಸಾಯುತ್ತದೆ, ಕೂತರೆ ಹತ್ತಿರದ ಪೊದೆಯಲ್ಲೇ ಮಲಗುತ್ತದೆ. ಥರ್ಮಾಸಿನಲ್ಲಿ ಬಿಸಿ ಹಾರ್ಲಿಕ್ಸ್ ಒಯ್ದಿದ್ದರೆ ಈಗ ತೆಗೆಯಿರಿ. ಅಷ್ಟು ಹೊತ್ತಿಗೆ ಮಗುವಿನ ಕೈ ನಡುಗುತ್ತಿರುತ್ತದೆ, ಚಳಿಗಲ್ಲ.